ರಿಪೇರಿಯಾಗಿ ಬಂದ ಕಂಪ್ಯೂಟರ್ ಆನ್ ಆಗದಿದ್ದರೆ

(ಸ್ವಸಹಾಯ ಸಂಘಗಳ ಲೆಕ್ಕ ಬರೆಯುವ ಕಾರ್ಯಕರ್ತೆಯರ ತರಬೇತಿಯಲ್ಲಿ ಆಡಿದ ಮಾತು)

ಉಳಿತಾಯ, ಸಾಲದ ವಿಷಯ ಮಧ್ಯಾಹ್ನಕ್ಕೆ ಇರಲಿ. ಈಗ ಆ ಲೆಕ್ಕವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಕಂಪ್ಯೂಟರ್ ಬಗ್ಗೆ ಮಾತಾಡೋಣ.

ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಯ ಕಂಪ್ಯೂಟರ್ ಬಿಸಿಯಾಗಿ ಪದೇ ಪದೇ ಆಫ್ ಆಗುತ್ತಿತ್ತು. ಅಂಗಡಿಗೆ ಕೊಟ್ಟೆವು. ಧೂಳು ತೆಗೆದು, ಪ್ರೊಸೆಸರ್ ಮೇಲಿನ ಫ್ಯಾನ್ ಬದಲಿಸಿ ಕೊಟ್ಟರು. ತಂದು ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ದೀಪ ಉರಿಯುತ್ತೆ, ಪರದೆ ಮಾತ್ರ ಕಪ್ಪು! ಎರಡು ದಿನ ಬಿಟ್ಟು ಒಕ್ಕೂಟದ ಮಹಾಸಭೆ. ಫೋನ್ ಮಾಡಿದರೆ, "ಮದರ್‌ಬೋರ್ಡ್ ಹೋಗಿರ್ಬೇಕು ಸಿಸ್ಟರ್, ಹೊಸದು ಹಾಕ್ಬೇಕು" ಅಂದರು. ಲೆಕ್ಕ ಬರೆಯುವ ಹುಡುಗಿ ತನ್ನಿಂದಲೇ ಕೆಟ್ಟಿತು ಅಂತ ಅಳುವುದಕ್ಕೇ ಶುರು ಮಾಡಿದಳು.

ತಪ್ಪು ಯಾರದು ಅಂತ ಆಮೇಲೆ ನೋಡೋಣ, ಮೊದಲು ಏನು ಬದಲಾಗಿದೆ ಅಂತ ನೋಡೋಣ ಅಂದೆವು. ರಿಪೇರಿಗೆ ಮುಂಚೆ ಆನ್ ಆಗುತ್ತಿದ್ದದ್ದು ಆಮೇಲೆ ಆಗದಿದ್ದರೆ, ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು. ಎಷ್ಟೋ ಸಲ ಏನೂ ಸುಟ್ಟಿರುವುದಿಲ್ಲ, ಒಂದು ವೈರ್ ಸಡಿಲವಾಗಿರುತ್ತೆ, ಅಷ್ಟೇ.

ಮೊದಲು ಹೊರಗೆ ನೋಡಿ. ಪ್ಲಗ್‌ಗೆ ಕರೆಂಟ್ ಬರುತ್ತಾ? ಹಿಂದುಗಡೆ ಎಸ್‌ಎಂಪಿಎಸ್ ಸ್ವಿಚ್ ಆನ್ ಇದೆಯಾ? ಹಳೆಯ ಕೆಲವದರಲ್ಲಿ 115, 230 ಅಂತ ಬರೆದ ಚಿಕ್ಕ ಸ್ವಿಚ್ ಇರುತ್ತೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಬೇಕು.

ಆಮೇಲೆ ಒಳಗೆ. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿದುಹೋಗುತ್ತೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅಲ್ಲಿಂದ ಮದರ್‌ಬೋರ್ಡಿಗೆ ಬರುವ 24 ಪಿನ್ನಿನ ದೊಡ್ಡ ಕನೆಕ್ಟರ್ ಒತ್ತಿ ನೋಡಿ. ಪ್ರೊಸೆಸರ್ ಪಕ್ಕದಲ್ಲಿ 4 ಅಥವಾ 8 ಪಿನ್ನಿನ ಇನ್ನೊಂದು ಇರುತ್ತೆ. ಅದು ಬಿಟ್ಟುಹೋದರೆ ಫ್ಯಾನ್ ತಿರುಗಿದರೂ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಆಗಿದ್ದೂ ಅದೇ! ಟಕ್ ಅಂತ ಕೂರಿಸಿದೆವು, ಪರದೆ ಬಂತು. ಅಂಗಡಿಯವರ ಮೇಲೆ ಕೋಪವಿಲ್ಲ, ಅವಸರದಲ್ಲಿ ಯಾರಿಗೂ ಆಗುತ್ತೆ.

ಅಷ್ಟಕ್ಕೂ ಬರದಿದ್ದರೆ ರ‍್ಯಾಮ್ ತೆಗೆದು, ಹಳದಿ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಬೀಪ್ ಶಬ್ದ ಬಂದರೆ ಎಷ್ಟು ಸಲ ಅಂತ ಬರೆದುಕೊಳ್ಳಿ; ಒಂದೊಂದು ಬೋರ್ಡಿಗೆ ಒಂದೊಂದು ಅರ್ಥ. ಆನ್ ಆಗಿ ಸ್ವಲ್ಪ ಹೊತ್ತಿಗೇ ಆರಿದರೆ ಪ್ರೊಸೆಸರ್ ಫ್ಯಾನ್ ಸರಿಯಾಗಿ ಕೂತಿದೆಯಾ ನೋಡಿ. ಏನೂ ತಿರುಗದಿದ್ದರೆ ಪವರ್ ಬಟನ್ನಿನ ಸಣ್ಣ ವೈರ್ ನೋಡಿ. ಪರದೆ ಬಂದು ಡಿಸ್ಕ್ ಸಿಗುತ್ತಿಲ್ಲ ಅಂದರೆ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಮಾತು ಮರೆಯಬೇಡಿ. ಮದರ್‌ಬೋರ್ಡ್ ಹೋದರೂ ಲೆಕ್ಕ ಹೋಗುವುದಿಲ್ಲ. ಅದು ಹಾರ್ಡ್ ಡಿಸ್ಕಿನಲ್ಲಿರುತ್ತೆ. ಡಿಸ್ಕ್ ಸರಿಯಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿ ತೆಗೆಯಬಹುದು. ಆದ್ದರಿಂದ ಯಾರಾದರೂ "ಫಾರ್ಮ್ಯಾಟ್ ಮಾಡ್ಲಾ?" ಅಂದ್ರೆ, ಪ್ರತಿ ತೆಗೆಯುವ ತನಕ "ಬೇಡ" ಅನ್ನಿ. ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಲೆಕ್ಕ ಹಾಕಿ, ಬೇರೆ ಜಾಗದಲ್ಲಿಡಿ. ರಿಪೇರಿಯಿಂದ ತರುವಾಗ ಅಂಗಡಿಯಲ್ಲೇ ಆನ್ ಮಾಡಿಸಿ, ನಿಮ್ಮ ಕಣ್ಣಾರೆ ನೋಡಿ ತನ್ನಿ. ಬೀಡಿ ಕಟ್ಟಿ, ಕೂಲಿ ಮಾಡಿ ಹತ್ತಿಪ್ಪತ್ತು ರೂಪಾಯಿ ಉಳಿಸಿದ ತಾಯಂದಿರಿಗೆ "ನಿಮ್ಮ ಲೆಕ್ಕ ಸಿಗ್ತಿಲ್ಲ" ಅಂತ ಹೇಳುವ ಬಾಯಿ ನಮಗಿಲ್ಲ.

ಹೊಲಿಗೆ ಮಿಷನ್ನಿನಲ್ಲಿ ನೂಲು ತುಂಡಾದರೆ ನಾವು ಮಿಷನ್ ಬದಲಿಸ್ತೇವಾ? ಸೂಜಿ ನೋಡ್ತೇವೆ, ಬಾಬಿನ್ ನೋಡ್ತೇವೆ. ಇಲ್ಲೂ ಹಾಗೆಯೇ. ಅವತ್ತು ಅತ್ತ ಹುಡುಗಿಯೇ ಮಧ್ಯಾಹ್ನ ಕ್ಯಾಬಿನೆಟ್ ಬಿಚ್ಚಿ ನಿಮಗೆ ತೋರಿಸಲಿದ್ದಾಳೆ. ಹೆದರದೆ ಮುಟ್ಟಿ ನೋಡಿ, ಕಲಿಯಿರಿ.