ವಾಂತಿಭೇದಿಯ ವಿಷವನ್ನು ಕಂಡುಹಿಡಿದವರು

ವಾಂತಿಭೇದಿಯೆಂಬ ಹೆಸರಿನಲ್ಲಿಯೇ ಆ ರೋಗದ ಲಕ್ಷಣವೆಲ್ಲವೂ ಅಡಗಿದೆ. ಹಿಂದೆ ನಮ್ಮ ನಾಡಿನ ಹಳ್ಳಿಗಳಲ್ಲಿ ಈ ಜಾಡ್ಯವು ತಲೆದೋರಿದರೆ ಊರಿಗೆ ಮಾರಿ ಬಂದಳೆಂದು ಭಾವಿಸಿ, ಅವಳಿಗೆ ಎಡೆಯಿಟ್ಟು ತೃಪ್ತಿಪಡಿಸಿ, ಊರಿನ ಎಲ್ಲೆಯಾಚೆಗೆ ಸಾಗಿಸುವ ಕ್ರಮವಿದ್ದಿತು. ನೆರೆಯ ಊರಿನವರು ಆಕೆಯನ್ನು ತಮ್ಮ ಎಲ್ಲೆಯಿಂದ ಮುಂದಕ್ಕೆ ಸಾಗಿಸುತ್ತಿದ್ದರು. ರೋಗವೂ ಹಾಗೆಯೇ ಊರಿಂದೂರಿಗೆ ನಡೆಯುತ್ತಿದ್ದುದರಿಂದ ಈ ಕಲ್ಪನೆಯ ಹಿಂದೆ ಒಂದು ಬಗೆಯ ಸರಿಯಾದ ಅವಲೋಕನವೂ ಇದ್ದಿತೆಂದು ನಾವು ಒಪ್ಪಬೇಕು. ಬೆಳಗ್ಗೆ ನೇಗಿಲು ಹೊತ್ತು ಹೊಲಕ್ಕೆ ಹೋದ ಗಟ್ಟಿಮುಟ್ಟಾದ ಆಳು ಮಧ್ಯಾಹ್ನಕ್ಕೆ ಮಲಗಿ, ಇರುಳಾಗುವುದರೊಳಗೆ ಕಣ್ಣು ಗುಳಿಬಿದ್ದು, ದನಿ ಉಡುಗಿ, ಬೆರಳುಗಳ ತೊಗಲು ನೀರಿನಲ್ಲಿ ನೆನೆದಂತೆ ಸುಕ್ಕಿ ಪ್ರಾಣ ಬಿಡುವುದನ್ನು ಕಂಡವರು ಇದನ್ನು ದೈವದ ಮುನಿಸೆಂದಲ್ಲದೆ ಮತ್ತೇನೆಂದು ತಿಳಿದಾರು?

ರೋಗಿಯು ಸಾಯುವುದು ನೀರಿಲ್ಲದೆ. ಕಾಯಿಲೆಯು ಉಲ್ಬಣಿಸಿದಾಗ ಗಂಟೆಗೆ ಒಂದು ಲೀಟರಿನಷ್ಟು ದ್ರವವು ಕರುಳಿನ ಮೂಲಕ ಹೊರಹೋಗುವುದುಂಟು. ಅದು ನೋಡುವುದಕ್ಕೆ ಅಕ್ಕಚ್ಚಿನಂತೆ ಇರುತ್ತದೆ. ಇಷ್ಟೊಂದು ನೀರು ಎಲ್ಲಿಂದ ಬಂದಿತು, ಅದನ್ನು ಕರುಳಿಗೆ ಸೆಳೆದು ತಂದುದು ಯಾವುದು ಎಂಬ ಪ್ರಶ್ನೆಗೆ ಎಪ್ಪತ್ತೈದು ವರ್ಷಗಳ ಕಾಲ ಪಶ್ಚಿಮದ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಸಮರ್ಪಕವಾದ ಉತ್ತರವು ದೊರೆಯಲಿಲ್ಲ. ದೊರೆತುದು ಕಲ್ಕತ್ತೆಯಲ್ಲಿ, ಸಾಧಾರಣ ಸಲಕರಣೆಗಳಿಂದ, ಒಬ್ಬ ಮಿತಭಾಷಿಯಾದ ವೈದ್ಯಾಧ್ಯಾಪಕರಿಗೆ. ಆ ಮಹನೀಯರ ಹೆಸರು ಶಂಭುನಾಥ ದೇ. ಈ ಹೆಸರನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ವಿಜ್ಞಾನದ ಪದವಿ ಪಡೆದವರಲ್ಲಿಯೂ ಹೆಚ್ಚು ಮಂದಿ ಇರಲಾರರೆಂದು ನಮ್ಮ ಶಂಕೆ. ಆದುದರಿಂದಲೇ ಈ ಭಾಷಣಕ್ಕೆ ಅವರ ಸಂಶೋಧನೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ.

ಮೊದಲು ಅವರಿಗಿಂತ ಹಿಂದಿನವರ ಮಾತು. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಇಟಲಿಯ ಫಿಲಿಪ್ಪೊ ಪಾಚೀನಿ ಎಂಬವನು 1854ರಲ್ಲಿಯೇ ಕಂಡಿದ್ದನು. ಲೋಕವು ಅದನ್ನು ಲಕ್ಷಿಸಲಿಲ್ಲ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಮಹಾಶಯನು ಕಲ್ಕತ್ತೆಯಲ್ಲಿ ಅದನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದನು. ಅಲ್ಪವಿರಾಮದ ಗುರುತಿನಂತೆ ಕೊಂಚ ಬಾಗಿರುವ ಈ ಕ್ರಿಮಿಯು ಯಾವುದೋ ಒಂದು ವಿಷವನ್ನು ಉತ್ಪತ್ತಿಮಾಡಬೇಕೆಂದು ಕಾಕ್ ಊಹಿಸಿದ್ದನು. ಊಹೆಯೇನೋ ಸರಿ. ಆದರೆ ಅದನ್ನು ಅರಸಿ ಹೊರಟವರು ದಾರಿ ತಪ್ಪಿದರು. ಗಂಟಲಮಾರಿ, ಧನುರ್ವಾಯು ಮೊದಲಾದ ರೋಗಗಳಲ್ಲಿ ವಿಷವು ರಕ್ತದಲ್ಲಿ ಬೆರೆತು ದೇಹವನ್ನೆಲ್ಲ ಕೆಡಿಸುವುದಷ್ಟೆ. ವಾಂತಿಭೇದಿಯ ವಿಷವೂ ಅಂಥದೇ ಎಂದು ಎಣಿಸಿ, ಕ್ರಿಮಿಗಳನ್ನು ಪ್ರಾಣಿಗಳ ರಕ್ತನಾಳಕ್ಕೂ ಹೊಟ್ಟೆಯ ಪೊಳ್ಳಿಗೂ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು, ಆದರೆ ಭೇದಿಯಾಗಲಿಲ್ಲ. ಸತ್ತ ಕ್ರಿಮಿಯ ಒಡಲಿನಿಂದ ಹೊರಬೀಳುವ ಬೇರೊಂದು ಬಗೆಯ ವಿಷವನ್ನು ಕಂಡು ಇದೇ ಅದೆಂದು ಬಹುಕಾಲ ಭ್ರಮಿಸಿದರು. ಕಳ್ಳನು ಅಡಿಗೆಮನೆಯಲ್ಲಿ ಅಡಗಿರುವಾಗ ಊರ ಬಾಗಿಲಲ್ಲಿ ಕಾವಲು ಕೂತಂತಾಯಿತು.

ಶಂಭುನಾಥ ದೇಯವರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. ಮನೆಯಲ್ಲಿ ಅನುಕೂಲ ಸಾಲದು. ವಿದ್ಯಾರ್ಥಿವೇತನಗಳ ಬಲದಿಂದಲೂ ಬಂಧುಗಳ ನೆರವಿನಿಂದಲೂ ಓದು ಸಾಗಿತು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಕಲಿತು 1939ರಲ್ಲಿ ವೈದ್ಯ ಪದವಿಯನ್ನು ಪಡೆದರು. ತರುವಾಯ ಲಂಡನ್ನಿಗೆ ಹೋಗಿ, ರಾಯ್ ಕ್ಯಾಮರನ್ ಎಂಬ ಪ್ರಖ್ಯಾತ ರೋಗಶಾಸ್ತ್ರಜ್ಞರ ಕೈಕೆಳಗೆ ಕೆಲಸಮಾಡಿ 1949ರಲ್ಲಿ ಡಾಕ್ಟರೇಟನ್ನು ಗಳಿಸಿದರು. ಆಗಿನ ಅವರ ವ್ಯಾಸಂಗಕ್ಕೂ ವಾಂತಿಭೇದಿಗೂ ಸಂಬಂಧವಿರಲಿಲ್ಲ. ಆದರೆ ಶರೀರದ ದ್ರವಗಳು ಇರಬೇಕಾದ ಕಡೆಯನ್ನು ಬಿಟ್ಟು ಇರಬಾರದ ಕಡೆಯಲ್ಲಿ ಏಕೆ ಸೇರುತ್ತವೆಂಬ ಪ್ರಶ್ನೆಯು ಅಲ್ಲಿಯೇ ಅವರ ಮನಸ್ಸಿನಲ್ಲಿ ಬೇರೂರಿತೆಂದು ತೋರುತ್ತದೆ. ಕಲ್ಕತ್ತೆಗೆ ಹಿಂದಿರುಗಿದಾಗ ಆ ಪ್ರಶ್ನೆಗೆ ತಕ್ಕ ರೋಗವು ಆಸ್ಪತ್ರೆಯ ಹಾಸಿಗೆಗಳ ತುಂಬ ಮಲಗಿತ್ತು.

1953ರಲ್ಲಿ ದೇಯವರೂ ಅವರ ಸಹೋದ್ಯೋಗಿ ಚಟರ್ಜಿಯವರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದನ್ನು ಶ್ರೋತೃಗಳ ಕಣ್ಣಿಗೆ ಕಟ್ಟುವಂತೆ ಹೇಳಲು ಯತ್ನಿಸುವೆವು. ಏಕೆಂದರೆ ಅದರ ಬೆಡಗೆಲ್ಲವೂ ಅದರ ಸರಳತೆಯಲ್ಲಿಯೇ ಇದೆ. ಮೊಲವೊಂದಕ್ಕೆ ಮತ್ತು ಬರಿಸಿ ಹೊಟ್ಟೆಯನ್ನು ತೆರೆಯುವುದು. ಸಣ್ಣ ಕರುಳಿನ ಒಂದು ತುಂಡನ್ನು, ಕತ್ತರಿಸದೆಯೆ, ರಕ್ತ ಸಂಚಾರಕ್ಕೆ ಭಂಗ ಬಾರದಂತೆ, ಎರಡು ಕಡೆಗಳಲ್ಲಿ ದಾರದಿಂದ ಬಿಗಿಯುವುದು. ಹೀಗೆ ಕರುಳಿನೊಳಗೇ ಒಂದು ಮುಚ್ಚಿದ ಚೀಲವಾಯಿತು. ಅದರೊಳಕ್ಕೆ ವಾಂತಿಭೇದಿಯ ಕ್ರಿಮಿಗಳಿರುವ ಸಾರವನ್ನು ಸೂಜಿಯಿಂದ ಸ್ವಲ್ಪ ಬಿಟ್ಟು, ಹೊಟ್ಟೆಯನ್ನು ಹೊಲಿದು, ಒಂದು ದಿನ ಕಾಯುವುದು. ಮಾರನೆಯ ದಿವಸ ನೋಡಿದರೆ ಆ ಚೀಲವು ನೀರು ತುಂಬಿ ಬಿಗಿದುಕೊಂಡಿರುತ್ತದೆ. ಒಳಗಿರುವುದು ರೋಗಿಯಲ್ಲಿ ಕಾಣುವ ಅಕ್ಕಚ್ಚಿನಂಥ ದ್ರವವೇ. ಕ್ರಿಮಿಗಳಿಲ್ಲದ ಬರಿಯ ಸಾರವನ್ನು ಬಿಟ್ಟ ಚೀಲವಾದರೋ ಬಾಡಿದ ಕಾಯಿಯಂತೆ ಚಪ್ಪಟೆಯಾಗಿಯೇ ಉಳಿದಿರುತ್ತದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಯಾವ ನ್ಯಾಯಾಧೀಶನು ಕೇಳಿಯಾನು? ರೋಗದ ಕಾರ್ಯಕ್ಷೇತ್ರವು ಕರುಳೇ ಹೊರತು ರಕ್ತವಲ್ಲವೆಂಬುದು ಅದರಿಂದ ನಿಶ್ಚಯವಾಯಿತು. ಇಂಥ ಕಟ್ಟಿದ ಕರುಳಿನ ಪ್ರಯೋಗವನ್ನು 1915ರಲ್ಲಿಯೇ ಇಬ್ಬರು ಮಾಡಿದ್ದರಾದರೂ ಅದು ಮರೆತುಹೋಗಿದ್ದಿತು.

ಆದರೂ ಒಂದು ಸಂದೇಹವು ಉಳಿಯಿತು. ನೀರನ್ನು ಸೆಳೆದುದು ಬದುಕಿರುವ ಕ್ರಿಮಿಯೋ, ಅದು ಸುರಿಸುವ ವಿಷವೋ? ದೇಯವರು ಕ್ರಿಮಿಗಳನ್ನು ಬೆಳೆಸಿದ ಸಾರವನ್ನು ಒಂದು ಕ್ರಿಮಿಯೂ ಉಳಿಯದಂತೆ ಸೋಸಿ, ಆ ತಿಳಿಯನ್ನು ಮಾತ್ರ ಮೊಲದ ಕರುಳಿಗೆ ಬಿಟ್ಟರು. ಚೀಲವು ಉಬ್ಬಿತು. ಕ್ರಿಮಿಯು ತನ್ನ ಒಡಲಿನಿಂದ ಹೊರಕ್ಕೆ ವಿಷವನ್ನು ಬಿಡುತ್ತದೆಂಬುದು ಅಲ್ಲಿಗೆ ಸಿದ್ಧವಾಯಿತು. ಈ ಕಿರು ಲೇಖನವು 1959ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲಿಯೇ ಪ್ರಕಟವಾಯಿತು. ಅದೇ ಕಾಲದಲ್ಲಿ ಬೊಂಬಾಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ದತ್ತರೂ ಅವರ ಜೊತೆಗಾರರೂ ಎಳೆಯ ಮೊಲದ ಮರಿಗಳಲ್ಲಿ ಪ್ರಯೋಗ ನಡೆಸಿ, ಒಡೆದ ಕ್ರಿಮಿಗಳ ದ್ರವದಿಂದಲೇ ಭೇದಿಯನ್ನು ಉಂಟುಮಾಡಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಇನ್ನೊಂದು ಸಂಗತಿಯನ್ನು ಜನರು ಇನ್ನೂ ಕಡಮೆ ಬಲ್ಲರು. 1956ರಲ್ಲಿ ದೇಯವರು ನಮ್ಮೆಲ್ಲರ ಕರುಳಿನಲ್ಲಿಯೂ ನಿರುಪದ್ರವಿಯಾಗಿ ವಾಸಿಸುವ ಕೋಲೈ ಎಂಬ ಕ್ರಿಮಿಯ ಕೆಲವು ತಳಿಗಳನ್ನು ಭೇದಿಯ ರೋಗಿಗಳಿಂದ ತೆಗೆದು ಇದೇ ಚೀಲದಲ್ಲಿಟ್ಟು ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ವಾಂತಿಭೇದಿಯ ಕ್ರಿಮಿಯಂತೆಯೇ ವರ್ತಿಸಿದವು. ಎಳೆಯ ಮಕ್ಕಳನ್ನೂ ಪರದೇಶದ ಪ್ರಯಾಣಿಕರನ್ನೂ ಕಾಡುವ ಭೇದಿಗೆ ಇಂಥ ತಳಿಗಳೇ ಮುಖ್ಯ ಕಾರಣಗಳಲ್ಲೊಂದೆಂಬುದು ಲೋಕಕ್ಕೆ ತಿಳಿದುದು ಬಹಳ ವರ್ಷಗಳ ಮೇಲೆ.

ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೀರ್ತಿಯು ಅಮೆರಿಕದ ಫಿಂಕೆಲ್‌ಸ್ಟೈನ್, ಲೊಸ್ಪಾಲೂಟೊ ಎಂಬವರಿಗೆ 1969ರಲ್ಲಿ ಸಂದಿತು. ಆಮೇಲೆ ಅದರ ರಚನೆಯೂ ಬಯಲಾಯಿತು. ಅದರಲ್ಲಿ ಎರಡು ಭಾಗಗಳುಂಟು. ಐದು ತುಣುಕುಗಳು ಸೇರಿ ಆದ ಒಂದು ಭಾಗವು ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಒಳಹೊಕ್ಕು, ಲವಣವನ್ನೂ ಅದರ ಹಿಂದೆಯೇ ನೀರನ್ನೂ ಹೊರಬಿಡುವ ಬಾಗಿಲನ್ನು ಮುಚ್ಚಲಾರದಂತೆ ತೆರೆದಿಡುತ್ತದೆ. ಕರುಳಿನ ಒಳಪದರವು ಹರಿದಿರುವುದಿಲ್ಲ, ಸುಲಿದಿರುವುದಿಲ್ಲ. ಸಕ್ಕರೆಯ ಜೊತೆಯಲ್ಲಿ ಉಪ್ಪನ್ನು ಹೀರಿಕೊಳ್ಳುವ ಅದರ ಶಕ್ತಿಯೂ ಕೆಟ್ಟಿರುವುದಿಲ್ಲ. ಹಾಗಾಗಿಯೇ ಉಪ್ಪು ಸಕ್ಕರೆ ಬೆರೆತ ನೀರನ್ನು ಕುಡಿಸಿ ರೋಗಿಯನ್ನು ಉಳಿಸುವುದು ಸಾಧ್ಯ. 1971ರಲ್ಲಿ ಪೂರ್ವಬಂಗಾಳದಿಂದ ಓಡಿಬಂದ ನಿರಾಶ್ರಿತರ ಬನಗಾಂವಿನ ಶಿಬಿರದಲ್ಲಿ ಡಾಕ್ಟರ್ ದಿಲೀಪ ಮಹಲನಬೀಸರು, ನಾಳಕ್ಕೆ ಏರಿಸುವ ದ್ರವವು ಮುಗಿಯುತ್ತ ಬಂದಾಗ, ಈ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅದು ದೇಯವರ ಪ್ರಯೋಗದಿಂದ ನೇರವಾಗಿ ಹುಟ್ಟಿದುದಲ್ಲ. ಆದರೆ ಅದು ಫಲಿಸುವುದೇಕೆಂಬುದು ಅವರು ತೋರಿದ ವಿಷದ ರೀತಿಯಿಂದ ಅರ್ಥವಾಗುತ್ತದೆ.

ಇಷ್ಟೆಲ್ಲ ಆದರೂ ದೇಯವರ ಪಾಡೇನಾಯಿತು? ಅವರು ಸಭೆಗಳಿಗೆ ಹೆಚ್ಚಾಗಿ ಹೋಗುವವರಲ್ಲ, ತಮ್ಮ ಕೆಲಸವನ್ನು ತಾವೇ ಸಾರುವವರಲ್ಲ. 1973ರಲ್ಲಿ ಸದ್ದಿಲ್ಲದೆ ನಿವೃತ್ತರಾದರು. ನಮ್ಮ ದೇಶದ ಯಾವ ವಿಜ್ಞಾನ ಪರಿಷತ್ತೂ ಅವರನ್ನು ಸದಸ್ಯರನ್ನಾಗಿ ಆರಿಸಿಕೊಳ್ಳಲಿಲ್ಲ. ಹೇಳಿಕೊಳ್ಳುವಂಥ ಬಹುಮಾನವೊಂದೂ ಇಲ್ಲಿ ಬರಲಿಲ್ಲ. ಅತ್ತ ಅಮೆರಿಕದಲ್ಲಿ, ತಾವೇ ನೊಬೆಲ್ ಬಹುಮಾನ ಪಡೆದಿದ್ದ ಜಾಷುವ ಲೆಡರ್‌ಬರ್ಗರು ಇವರ ಹೆಸರನ್ನು ಅದೇ ಬಹುಮಾನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನದವರು ವಾಂತಿಭೇದಿಯನ್ನು ಕುರಿತು ನಡೆಸಿದ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂದಿತು. ತಾವು 1960ರ ಸುಮಾರಿನಲ್ಲಿಯೇ ಸತ್ತವರೆಂದೂ, ಈಗ ಗೋಷ್ಠಿಯವರು ತಮ್ಮನ್ನು ಹೂತಲ್ಲಿಂದ ಅಗೆದು ತೆಗೆದಿರುವರೆಂದೂ ಅವರು ಅಲ್ಲಿ ನುಡಿದರಂತೆ. ಅದರಲ್ಲಿ ವಿನೋದವೆಷ್ಟು, ನೋವೆಷ್ಟು ಎಂಬುದನ್ನು ಅಳೆಯುವುದು ಕಷ್ಟ. ನಮಗಂತೂ ಅದು ನಗು ತರಿಸುವುದಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಅವರ ಕಾರ್ಯಕ್ಕೆ ಮೀಸಲಾದ ವಿಶೇಷ ಸಂಚಿಕೆಯನ್ನು ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯು 1990ರಲ್ಲಿ ಹೊರತಂದಿತು. ಲೆಡರ್‌ಬರ್ಗರೂ ಅದಕ್ಕೆ ಬರೆದರು. ಐದು ವರ್ಷ ತಡವಾಯಿತೆನ್ನಬಹುದು. ಅಷ್ಟನ್ನಾದರೂ ಮಾಡಿದವರು ನಮ್ಮ ಊರಿನವರೆಂಬ ಸಮಾಧಾನವನ್ನು ನಾವು ಬಿಟ್ಟುಕೊಡಲಾರೆವು.

ರೋಗನಿರೋಧದ ವಿಷಯದಲ್ಲಿ ಒಂದೆರಡು ಮಾತು ಹೇಳಬೇಕು. ಹಿರಿಯ ಕೇಳುಗರಲ್ಲಿ ಅನೇಕರು ಜಾತ್ರೆಯ ಹೊತ್ತಿನಲ್ಲಿ ತೋಳಿಗೆ ಕಾಲರಾ ಸೂಜಿ ಚುಚ್ಚಿಸಿಕೊಂಡು ಎರಡು ದಿನ ಜ್ವರದಿಂದ ನರಳಿದ್ದನ್ನು ಮರೆತಿರಲಾರರು. ಆ ಚುಚ್ಚುಮದ್ದು ರಕ್ತದಲ್ಲಿ ಕಾವಲುಗಾರರನ್ನು ನಿಲ್ಲಿಸುತ್ತಿತ್ತು. ಶತ್ರುವಾದರೋ ರಕ್ತಕ್ಕೆ ಬರುವುದೇ ಇಲ್ಲ. ಕರುಳಿನ ಮೇಲ್ಮೈಯಲ್ಲಿ ನಿಂತು ಕೆಲಸ ಮುಗಿಸುತ್ತದೆ. ಆದುದರಿಂದ ರಕ್ಷಣೆಯು ಅರೆಬರೆ, ಅದೂ ಕೆಲವು ತಿಂಗಳ ಮಟ್ಟಿಗೆ. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಯಾಣಿಕರಿಂದ ಈ ಲಸಿಕೆಯ ಪತ್ರವನ್ನು ಕೇಳುವ ನಿಯಮವನ್ನೇ ತೆಗೆದುಹಾಕಿದರು. ವಿಷವನ್ನು ನಿರ್ವಿಷಮಾಡಿ ಚುಚ್ಚಿದರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕೊನೆಗೆ ಬಾಯಿಯ ಮೂಲಕವೇ ಲಸಿಕೆಯನ್ನು ಕುಡಿಸಿ, ಕರುಳಿನಲ್ಲಿಯೇ ಪ್ರತಿರೋಧವನ್ನು ಎಬ್ಬಿಸುವ ಮಾರ್ಗವು ಹಿಡಿಯಿತು. ಸ್ವೀಡನ್ನಿನಲ್ಲಿ ಸಿದ್ಧವಾದ ಇಂಥದೊಂದು ಲಸಿಕೆಯಲ್ಲಿ ಸತ್ತ ಕ್ರಿಮಿಗಳ ಜೊತೆಗೆ ವಿಷದ ಅಂಟಿಕೊಳ್ಳುವ ಭಾಗವನ್ನೂ ಸೇರಿಸಿದ್ದರು. 2009ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ತಯಾರಿಸಿದ ಅಗ್ಗದ ಲಸಿಕೆಯಲ್ಲಿ ಆ ಭಾಗವಿಲ್ಲ. ಆದರೂ ಅದು ವರ್ಷಗಟ್ಟಲೆ ಕಾಪಾಡಿತು. ರೋಗವನ್ನು ತರುವುದು ವಿಷವೇ ಆದರೂ ದೀರ್ಘಕಾಲದ ರಕ್ಷಣೆಯು ಹೆಚ್ಚಾಗಿ ಕ್ರಿಮಿಯ ಮೈಕವಚದ ವಿರುದ್ಧವಾಗಿ ಹುಟ್ಟುವುದೆಂಬುದು ಇದರ ಗುಟ್ಟು.

ಇದಕ್ಕೆ ಪ್ರಕೃತಿಯೇ ಒಂದು ಪರೀಕ್ಷೆಯನ್ನು ಒಡ್ಡಿತು. 1992ರ ಕೊನೆಯಲ್ಲಿ ಮದರಾಸಿನಲ್ಲಿ ವಾಂತಿಭೇದಿಯು ಹೊಸ ರೀತಿಯಲ್ಲಿ ಕಾಣಿಸಿಕೊಂಡಿತು. ಹಳೆಯ ಕ್ರಿಮಿಯನ್ನು ಗುರುತಿಸುವ ದ್ರವಗಳು ಇದನ್ನು ಗುರುತಿಸಲಿಲ್ಲ. ಕೆಲವೇ ತಿಂಗಳುಗಳಲ್ಲಿ ಅದು ಕಲ್ಕತ್ತೆಯನ್ನೂ ಬಾಂಗ್ಲಾದೇಶವನ್ನೂ ಮುಟ್ಟಿತು. ಹಿಂದಿನ ಸೋಂಕುಗಳಿಂದ ಬಲ ಪಡೆದಿದ್ದ ವಯಸ್ಕರೂ ಹಾಸಿಗೆ ಹಿಡಿದರು. ಕ್ರಿಮಿಯು ತನ್ನ ಮೈಕವಚವನ್ನು ಬದಲಿಸಿದ್ದಿತು. 139 ಎಂಬ ಹೊಸ ಸಂಖ್ಯೆಯನ್ನು ಅದಕ್ಕೆ ಕೊಟ್ಟರು. ಅದು ಸುರಿಸುತ್ತಿದ್ದ ವಿಷವನ್ನು ಪರೀಕ್ಷಿಸಿದಾಗ ಮಾತ್ರ, 1959ರಲ್ಲಿ ದೇಯವರ ಮೊಲದ ಕರುಳನ್ನು ಉಬ್ಬಿಸಿದ್ದ ಹಳೆಯ ವಿಷವೇ ಅಲ್ಲಿ ಕಂಡಿತು.