ಕಿರೀಟವೂ ಈಟಿಯೂ



ಶಾಲೆಯಲ್ಲಿ ನಾಟಕವೆಂದರೆ ತಂದೆತಾಯಿಗಳಿಗೆ ಒಂದೇ ಚಿಂತೆ: ನಮ್ಮ ಮಗನಿಗೆ ರಾಜನ ಪಾತ್ರ ಸಿಕ್ಕಿತೋ ಇಲ್ಲವೋ? ದ್ವಾರಪಾಲಕನ ಪಾತ್ರ ಬಂದರೆ ಮಗುವಿಗಿಂತ ಮೊದಲು ಮನೆಯವರ ಮುಖ ಬಾಡುತ್ತದೆ. ನಾವಾದರೋ ಕಿರೀಟವನ್ನು ನೋಡುವುದಿಲ್ಲ. ರಾಜನು ಮಾತನಾಡುವಾಗ ದ್ವಾರಪಾಲಕನು ಕಿವಿಗೊಟ್ಟು ನಿಂತಿದ್ದಾನೆಯೋ, ಸಭೆಯಲ್ಲಿ ಅವ್ವನನ್ನು ಹುಡುಕುತ್ತಿದ್ದಾನೆಯೋ ಎಂಬುದನ್ನು ನೋಡುತ್ತೇವೆ. ಬಾಯಿಪಾಠ ಒಪ್ಪಿಸುವುದು ಅಭಿನಯವಲ್ಲ; ಎದುರಿನವನ ಮಾತನ್ನು ನಿಜವಾಗಿ ಕೇಳುವುದೇ ಅಭಿನಯದ ಮೂಲ.

ಬಂಟ್ವಾಳದ ಕಡೆಯ ಮಂಚಿಯ ಬಿ.ವಿ. ಕಾರಂತರು ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಅಭಿನಯಿಸಿದರು. ಕಾಡುದಾರಿಯಲ್ಲಿ ಶಾಲೆಗೆ ಹೋಗಲು ಹೆದರುವ ಬಡ ಹುಡುಗನು ತಾಯಿಯ ಮಾತು ನಂಬಿ ಗೋಪಾಲನನ್ನು ಕರೆಯುವ ಕಥೆಯದು. ಆ ಕರೆ ಗಂಟಲಿನಿಂದ ಬಂದರೆ ಸಾಲದು, ನಂಬಿಗೆಯಿಂದ ಬರಬೇಕು. ಅಲ್ಲಿಂದ ಹೊರಟ ಕಾರಂತರು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು.

ಪರದೆ ಬಿದ್ದ ಮೇಲೆ ಕಿರೀಟವೂ ಪೆಟ್ಟಿಗೆಗೆ, ಈಟಿಯೂ ಪೆಟ್ಟಿಗೆಗೆ. ಉಳಿಯುವುದು ನಿಷ್ಠೆಯೊಂದೇ. ಆದುದರಿಂದ ಮಗು ಮನೆಗೆ ಬಂದಾಗ ಯಾವ ಪಾತ್ರವೆಂದು ಮಾತ್ರ ಕೇಳಬೇಡಿರಿ. ಜೊತೆಯವರ ಮಾತನ್ನು ಮನಸ್ಸಿಟ್ಟು ಕೇಳಿದೆಯಾ ಎಂದು ಕೇಳಿರಿ. ಆ ಪ್ರಶ್ನೆ ನಮಗೂ ಸಲ್ಲುತ್ತದೆ.