ಒಪ್ಪದಿಂದ ಓಟಿಪಿಯವರೆಗೆ

(ಜುಗೂಳದ ಕೇಳುಗರ ಮುಂದಿಟ್ಟ ಮಾತುಗಳ ಬರಹರೂಪ)



ಜುಗೂಳದಿಂದ ಕೃಷ್ಣೆಯನ್ನು ದಾಟಿದರೆ ಖಿದ್ರಾಪುರ. ಊರು ಮಹಾರಾಷ್ಟ್ರಕ್ಕೆ ಸೇರಿದ್ದು. ಆದರೆ ಅಲ್ಲಿನ ಕೋಪೇಶ್ವರ ಗುಡಿಯ ಶಾಸನಗಳಲ್ಲಿ ಕನ್ನಡದವೂ ಇವೆ. ಸಂಸ್ಕೃತದಲ್ಲಿರುವ ಒಂದು ಶಾಸನ ಯಾದವ ಅರಸ ಸಿಂಘಣನದು. ಶಕವರ್ಷ 1136, ಅಂದರೆ ಕ್ರಿ.ಶ. 1213-14ರ ಕಾಲದ್ದು. ದೇವರ ಸೇವೆಗೆ ಹಳ್ಳಿಯೊಂದನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ದಾನಪತ್ರ. ಕಾಗದದ ಬದಲು ಕಲ್ಲು, ಅಷ್ಟೆ.

ಇಂದಿನ ವಿಷಯ ಕಂಪ್ಯೂಟರಿನಲ್ಲಿ ಹಾಕುವ ಸಹಿ, ಕರಾರುಪತ್ರಗಳನ್ನು ನೋಡಿಕೊಳ್ಳುವ ತಂತ್ರಾಂಶ. ಅದಕ್ಕೆ ಕಲ್ಲಿನಿಂದ ಆರಂಭವೇಕೆ ಎಂದು ಯಾರಾದರೂ ಕೇಳಬಹುದು. ಕಲ್ಲಾಗಲಿ, ಕಾಗದವಾಗಲಿ, ಮೊಬೈಲಿನ ಪರದೆಯಾಗಲಿ, ದಸ್ತಾವೇಜಿಗೆ ಇರುವ ಭಯ ಒಂದೇ: ನಾಳೆ ಒಬ್ಬಾತ ಬಂದು ‘ನಾನು ಒಪ್ಪಿರಲಿಲ್ಲ’ ಎಂದರೆ ಏನು ಗತಿ? ಇಲ್ಲವೇ ಬರೆದದ್ದನ್ನು ಯಾರಾದರೂ ತಿದ್ದಿದರೆ? ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿದ್ದು, ಅಳುಪಿದವರಿಗೆ ಘೋರ ಶಾಪ ಬರೆದದ್ದು ಈ ಭಯಕ್ಕಾಗಿಯೇ. ನಾಲ್ಕು ಜನ ಓಡಾಡುವ ಗುಡಿಯ ಅಂಗಳದಲ್ಲಿ ಕಲ್ಲು ನಿಲ್ಲಿಸಿದರೆ ಒಂದಕ್ಷರ ತಿದ್ದುವುದೂ ಸುಲಭವಲ್ಲ.

ಹಳಗಾಲದ ಕನ್ನಡ ದಾಖಲೆಗಳಲ್ಲಿ ಸಹಿಗೆ ಇದ್ದ ಹೆಸರು ‘ಒಪ್ಪ’. ಒಪ್ಪಿಗೆ, ಒಪ್ಪಂದ ಎಲ್ಲವೂ ಅದೇ ಮನೆಯ ಮಾತುಗಳು. ವಿಜಯನಗರದ ಅನೇಕ ತಾಮ್ರಪಟಗಳು ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿವೆ. ಆದರೆ ಕೊನೆಗೆ ಅರಸನ ಒಪ್ಪ ಬರುವಾಗ ‘ಶ್ರೀ ವಿರೂಪಾಕ್ಷ’ ಎಂಬುದು ಕನ್ನಡ ಅಕ್ಷರಗಳಲ್ಲಿ ಬರುತ್ತದೆ. ಅರಸ ತನ್ನ ಹೆಸರನ್ನು ಬರೆಯದೆ ದೇವರ ಹೆಸರನ್ನು ಬರೆದ. ಸಹಿ ಎಂದರೆ ಹೆಸರೇ ಆಗಬೇಕೆಂಬ ನಿಯಮ ಆಗ ಇರಲಿಲ್ಲ.

ಓದು ಬರಹ ಬಾರದವರು ಏನು ಮಾಡುತ್ತಿದ್ದರು? ಮರಾಠಿ ಆಡಳಿತದ ಕಾಲದ ಮೋಡಿ ಕಾಗದಗಳಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಪಾಟೀಲ ತನ್ನ ಹೆಸರಿನ ಪಕ್ಕ ನೇಗಿಲಿನ ನಿಶಾಣಿ ಹಾಕುತ್ತಿದ್ದ, ವ್ಯಾಪಾರಿ ತಕ್ಕಡಿಯದು. ದುಡಿಯುವ ಕೈಗೆ ಅದರ ಸಲಕರಣೆಯೇ ಸಹಿ. ಆದರೆ ನೇಗಿಲನ್ನು ಪಕ್ಕದ ಮನೆಯವನೂ ಗೀಚಬಲ್ಲ! ಹೀಗಾಗಿ ನಿಶಾಣಿಗೆ ಬಲ ಬರುತ್ತಿದ್ದುದು ಸುತ್ತ ಕುಳಿತ ಸಾಕ್ಷಿದಾರರಿಂದ.

ಸಾಕ್ಷಿಯನ್ನು ಮನುಷ್ಯನ ಮೈಯಿಂದಲೇ ತೆಗೆಯುವ ಪ್ರಯೋಗವೊಂದು ನಡೆದದ್ದು ಬಂಗಾಳದಲ್ಲಿ. ಅದೂ ಒಂದು ಕರಾರಿನ ಕಾರಣದಿಂದ ಎಂಬುದು ಇಲ್ಲಿ ನೆನೆಯತಕ್ಕ ಮಾತು. 1858ರಲ್ಲಿ ಜಂಗೀಪುರದ ಇಂಗ್ಲಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆಗೆ ಕಲ್ಲುಮಣ್ಣು ಪೂರೈಸಲು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಬರೆಸಿಕೊಂಡ. ಮುಂದೆ ‘ಸಹಿ ನನ್ನದಲ್ಲ’ ಎಂದಾನು ಎಂಬ ಸಂಶಯದಿಂದ ಆತನ ಇಡೀ ಅಂಗೈಗೆ ಮಸಿ ಬಳಿದು ಕಾಗದದ ಬೆನ್ನಿಗೆ ಒತ್ತಿಸಿದ. ಅದು ಬೆದರಿಸುವ ಉಪಾಯವಾಗಿತ್ತೇ ಹೊರತು ವಿಜ್ಞಾನವಾಗಿರಲಿಲ್ಲ. ಬೆರಳಿನ ಗೆರೆಗಳು ಮನುಷ್ಯನಿಂದ ಮನುಷ್ಯನಿಗೆ ಬೇರೆ ಎಂಬುದು ಆಮೇಲೆ ತಿಳಿಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಹೆಬ್ಬೆಟ್ಟೊತ್ತುವುದನ್ನು ಅನಕ್ಷರತೆಯ ಅವಮಾನವೆಂದು ಜನ ನಕ್ಕರು. ನಿಜವಾಗಿ ಅದು ಸಹಿಗಿಂತ ಗಟ್ಟಿಯಾದ ಗುರುತು.

ಇನ್ನು ಈ ಕಾಲಕ್ಕೆ ಬರೋಣ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಹೆಸರನ್ನು ಪರದೆಯ ಮೇಲೆ ಬೆರಳಿನಿಂದ ಗೀಚುವುದೇ ಡಿಜಿಟಲ್ ಸಹಿ ಎಂದು ಹಲವರು ತಿಳಿದಿದ್ದಾರೆ. ಅದು ಬೇರೆ, ಇದು ಬೇರೆ. ಇಲ್ಲಿ ಇಡೀ ಬರಹವನ್ನು ಗಣಿತದ ಗಾಣಕ್ಕೆ ಹಾಕಿ ಹಿಂಡಿ ಒಂದು ಚಿಕ್ಕ ಅಂಕಿಗುಚ್ಛ ತೆಗೆಯುತ್ತಾರೆ. ರಸದಿಂದ ಮತ್ತೆ ಕಬ್ಬು ಮಾಡಲಾಗದಂತೆ ಆ ಅಂಕಿಯಿಂದ ಮೂಲ ಬರಹವನ್ನು ಹೊರಡಿಸಲಾಗದು. ಆದರೆ ಐದು ಎಕರೆ ಎಂದಿದ್ದುದನ್ನು ಆರು ಎಂದು ತಿದ್ದಿದರೆ ಅಂಕಿಗುಚ್ಛವೇ ಬೇರೆಯಾಗಿ, ತಿದ್ದಿದ್ದು ಬಯಲಾಗುತ್ತದೆ. ಈ ಅಂಕಿಗೆ ಸಹಿದಾರನ ಗುಟ್ಟಿನ ಕೀಲಿಯಿಂದ ಬೀಗ ಹಾಕುತ್ತಾರೆ. ಅವನದೇ ಇನ್ನೊಂದು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತೆರೆದು ತಾಳೆ ನೋಡಬಹುದು. ಗುಡಿಯ ಅಂಗಳದ ಕಲ್ಲು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ.

2015ರಿಂದ ಆಧಾರ್ ಮೂಲಕ ಇ-ಸಹಿ ಬಂದಿದೆ. ಫೋನಿಗೆ ಬರುವ ಓಟಿಪಿ ಕೊಟ್ಟರೆ ಅಥವಾ ಯಂತ್ರದ ಮೇಲೆ ಬೆರಳಿಟ್ಟರೆ ಸಹಿ ಬಿದ್ದಂತೆ. ಕರಾರಿನ ತಂತ್ರಾಂಶಗಳು ಇದಕ್ಕೆ ಇನ್ನಷ್ಟು ಸೇರಿಸಿವೆ. ಯಾರು ಎಷ್ಟು ಗಂಟೆಗೆ ಕಾಗದ ತೆರೆದರು, ಯಾರು ಮೊದಲು ಸಹಿ ಹಾಕಿದರು ಎಂಬುದರ ದಿನಚರಿ ಇಡುತ್ತವೆ. ಅವಧಿ ಮುಗಿಯುವ ಮುನ್ನ ನೆನಪಿಸುತ್ತವೆ. ಈಚೆಗಂತೂ ನೂರು ಪುಟದ ಕರಾರಿನಿಂದ ಮುಖ್ಯ ಷರತ್ತುಗಳನ್ನು ತಾವೇ ಹೆಕ್ಕಿ ಕೊಡುತ್ತಿವೆ. 2019 ಮತ್ತು 2021ರಲ್ಲಿ ಕೃಷ್ಣೆಯ ಮಹಾಪೂರ ಕಂಡ ದಂಡೆಯವರಿಗೆ ಇನ್ನೊಂದು ಲಾಭವನ್ನು ಬಿಡಿಸಿ ಹೇಳಬೇಕಿಲ್ಲ. ಟ್ರಂಕಿನಲ್ಲಿಟ್ಟ ಖರೇದಿಪತ್ರ ನೀರಿನಲ್ಲಿ ನೆನೆದರೆ ಅಕ್ಷರ ಹೋಗುತ್ತದೆ. ಬೇರೆಡೆಯ ಕಂಪ್ಯೂಟರಿನಲ್ಲಿರುವ ಪ್ರತಿಗೆ ಆ ಹೆದರಿಕೆಯಿಲ್ಲ.

ಆದರೆ ನೆನಪಿನ ಗಂಟೆ ಯಾರ ಮನೆಯಲ್ಲಿ ಬಾರಿಸುತ್ತದೆ ಎಂದು ಕೇಳಬೇಕು. ಈ ಸೀಮೆಯ ದೊಡ್ಡ ಕರಾರೆಂದರೆ ಕಬ್ಬಿನದು. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕು; ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ‘ಬೇರೆ ಒಪ್ಪಂದವಿಲ್ಲದಿದ್ದರೆ’ ಎಂಬ ಮಾತೇ ಮುಖ್ಯ. ಏಕೆಂದರೆ ಆ ಬೇರೆ ಒಪ್ಪಂದ ರೈತ ಸಹಿ ಹಾಕಿದ ಕಾಗದದ ನಡುವೆಲ್ಲೋ ಕುಳಿತಿರಬಹುದು. ಹದಿನೈದನೆಯ ದಿನ ತಂತ್ರಾಂಶ ರೈತನ ಫೋನಿಗೂ ಕನ್ನಡದಲ್ಲೊಂದು ಸಂದೇಶ ಕಳಿಸುವಂತಾದರೆ ಅದನ್ನು ಹೊಸ ಸೌಲಭ್ಯವೆಂದು ಧಾರಾಳವಾಗಿ ಕರೆಯಬಹುದು. ಇದಕ್ಕೆ ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ.

ಇನ್ನೊಂದು ತೊಡಕು ಕೈಯದೇ. ವರ್ಷಗಟ್ಟಲೆ ಕೋಯ್ತ ಹಿಡಿದು ಕಬ್ಬು ಕಡಿದವರ ಬೆರಳಿನ ಗೆರೆ ಸವೆದು ಯಂತ್ರ ಒಪ್ಪದೆ ಹೋಗುವುದುಂಟು. ಆಗ ಉಳಿಯುವುದು ಓಟಿಪಿ. ಫೋನು ಮಗನ ಕೈಯಲ್ಲಿ, ಇಲ್ಲವೇ ಸಹಾಯಕ್ಕೆ ಬಂದ ಪರಿಚಯದವರ ಕೈಯಲ್ಲಿ. ‘ಅಜ್ಜಾ, ಒಂದು ನಂಬರ ಬಂದೈತಿ ನೋಡ್ರಿ, ಹೇಳ್ರಿ’ ಎಂದರೆ ಆರು ಅಂಕಿ ಹೇಳಿದಲ್ಲಿಗೆ ಸಹಿ ಮುಗಿಯಿತು. ದಿನಚರಿಯಲ್ಲಿ ಗಂಟೆ, ನಿಮಿಷ, ಸೆಕೆಂಡು ಎಲ್ಲ ದಾಖಲಾಗುತ್ತದೆ. ಅಜ್ಜನಿಗೆ ಕರಾರಿನಲ್ಲಿ ಏನಿದೆ ಎಂದು ಯಾರಾದರೂ ಹೇಳಿದರೇ ಎಂಬುದು ಮಾತ್ರ ದಾಖಲಾಗುವುದಿಲ್ಲ.

1872ರ ಕರಾರು ಕಾಯಿದೆ ಸಮ್ಮತಿಗೆ ಕೊಟ್ಟ ಅರ್ಥ ಸರಳವಾಗಿದೆ: ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಹಳೆಯ ಪತ್ರಗಳ ಕೊನೆಯಲ್ಲಿ ಓದಿಸಿ ಕೇಳಿದ್ದಾಗಿದೆ, ಸರಿಯಿದೆ ಎಂಬ ಒಕ್ಕಣೆ ಇರುತ್ತಿತ್ತು. ಕೆಳಗೆ ಸಾಕ್ಷಿಗಳ ರುಜು, ಬರೆದವನ ಬಿಕ್ಕಲಂ. ಅಲ್ಲಿಯೂ ಮೋಸ ನಡೆದೇ ನಡೆಯಿತು. ಓದದೆಯೇ ‘ಓದಿಸಿ ಕೇಳಿದೆ’ ಎಂದು ಬರೆದವರಿಗೆ ಕೊರತೆಯಿರಲಿಲ್ಲ. ಆದರೂ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುವ ರೂಢಿಯಲ್ಲಿ ಒಬ್ಬರಾದರೂ ‘ತಡೀರಿ, ಅದೇನಂದ್ರಿ?’ ಎಂದು ಕೇಳಲು ಎಡೆಯಿತ್ತು. ಮೊಬೈಲಿಗೆ ಕರಾರನ್ನು ಕನ್ನಡದಲ್ಲಿ ಓದಿ ಕೇಳಿಸುವ ಶಕ್ತಿ ಈಗ ಬಂದಿದೆ. ಪೂರ್ತಿ ಓದಿ ಮುಗಿಸಿದ ಮೇಲಷ್ಟೆ ಓಟಿಪಿ ಕೇಳುವಂತೆ ತಂತ್ರಾಂಶ ಕಟ್ಟುವುದು ಕಷ್ಟದ ಕೆಲಸವಲ್ಲ. ಅಂಥದ್ದು ಬೇಕೆಂದು ಕೇಳುವವರು ಬೇಕು.

ಕಾನೂನು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿಲ್ಲ. ಸ್ಥಿರಾಸ್ತಿ ಮಾರಾಟದ ಕರಾರುಗಳನ್ನು ಹೊರಗಿಟ್ಟಿದ್ದ ನಿಬಂಧನೆಯನ್ನು 2022ರಲ್ಲಿ ತೆಗೆದುಹಾಕಿದರು. ಆದರೆ ಮೃತ್ಯುಪತ್ರವನ್ನು ಇನ್ನೂ ಹೊರಗೇ ಇಟ್ಟಿದ್ದಾರೆ. ಅದಕ್ಕೆ ಇಂದಿಗೂ ಕಾಗದ ಬೇಕು, ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು ಬೇಕು, ಇಬ್ಬರು ಸಾಕ್ಷಿಗಳು ಬೇಕು.